ಸತ್ಯಾಂಶ: ಸರದಿಯಂತೆ ಆರಿಸಿಕೊಂಡರೆ ಪಾಲು ಸಮವಾಗುವುದೇ?

ತೀರಿಕೊಂಡ ತಂದೆತಾಯಿಯ ವಸ್ತುಗಳನ್ನು ಮಕ್ಕಳು ಹಿರಿಯರಿಂದ ಕಿರಿಯರವರೆಗೆ ಸರದಿಯಂತೆ ಒಂದೊಂದಾಗಿ ಆರಿಸಿಕೊಂಡರೆ ಯಾರಿಗೂ ಅನ್ಯಾಯವಾಗದು ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ. ಮೂವರಿದ್ದರೆ ಹಿರಿಯರಿಗೆ 1, 4, 7ನೆಯ ಆಯ್ಕೆಗಳು ಸಿಗುತ್ತವೆ, ಕಿರಿಯರಿಗೆ 3, 6, 9ನೆಯವು. ಅಂದರೆ ಕಿರಿಯರು ಪ್ರತಿ ಸುತ್ತಿನಲ್ಲೂ ಹಿಂದೆಯೇ ಉಳಿಯುತ್ತಾರೆ. ಮೊದಲ ಸರದಿಯನ್ನು ಚೀಟಿ ಎತ್ತಿ ನಿರ್ಧರಿಸಿ, ಎರಡನೆಯ ಸುತ್ತನ್ನು ಕೊನೆಯವರಿಂದ ಆರಂಭಿಸಿದರೆ ಈ ಅಂತರ ಬಹಳಷ್ಟು ತಗ್ಗುತ್ತದೆ.

ಆದರೆ ಅಮ್ಮನ ಹೊಲಿಗೆ ಯಂತ್ರ ಎಲ್ಲರಿಗೂ ಬೇಕಾದಾಗ ಸರದಿಯಿಂದ ಪ್ರಯೋಜನವಿಲ್ಲ. ಇದಕ್ಕೆ ಪೋಲೆಂಡಿನ ಗಣಿತಜ್ಞ ಬ್ರೋನಿಸ್ವಾಫ್ ಕ್ನಾಸ್ಟರ್ ರೂಪಿಸಿದ, ಹ್ಯೂಗೋ ಸ್ಟೈನ್‌ಹೌಸ್ 1948ರಲ್ಲಿ ವಿವರಿಸಿದ ವಿಧಾನವೊಂದಿದೆ. ಯಂತ್ರ ತಮಗೆಷ್ಟು ಬೆಲೆಯದು ಎಂದು ಪ್ರತಿಯೊಬ್ಬರೂ ಗುಟ್ಟಾಗಿ ಬರೆದಿಡುತ್ತಾರೆ. ಮೂವರು ಕ್ರಮವಾಗಿ 9 ಸಾವಿರ, 6 ಸಾವಿರ, 3 ಸಾವಿರ ಎಂದು ಬರೆದರೆ ಯಂತ್ರ ಮೊದಲನೆಯವರದು. ತಾವು ಬರೆದ ಬೆಲೆಯ ಮೂರನೆಯ ಒಂದು ಭಾಗ ಅವರವರ ಪಾಲು, ಅಂದರೆ 3, 2 ಮತ್ತು 1 ಸಾವಿರ. 9 ಸಾವಿರದಲ್ಲಿ ಮಿಗುವ 3 ಸಾವಿರವನ್ನು ಮೂವರಿಗೂ ಸಮನಾಗಿ ಹಂಚಿದರೆ, ಮೊದಲನೆಯವರು ಉಳಿದಿಬ್ಬರಿಗೆ ಕ್ರಮವಾಗಿ 3 ಸಾವಿರ ಮತ್ತು 2 ಸಾವಿರ ಕೊಡಬೇಕಾಗುತ್ತದೆ. ಹೀಗೆ ಪ್ರತಿಯೊಬ್ಬರಿಗೂ ತಾವೇ ಕಟ್ಟಿದ ಬೆಲೆಯ ಮೂರನೆಯ ಒಂದು ಭಾಗಕ್ಕಿಂತ 1 ಸಾವಿರ ಹೆಚ್ಚೇ ದೊರೆಯುತ್ತದೆ.

ಒಡಹುಟ್ಟಿದವರಲ್ಲಿ ಒಬ್ಬರು ಹಣದ ಅಡಚಣೆಯಲ್ಲಿದ್ದರೆ ಈ ವಿಧಾನವನ್ನು ಬಳಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ ಪ್ರೀತಿ ಎಷ್ಟೇ ಇದ್ದರೂ ಅವರು ದೊಡ್ಡ ಮೊತ್ತ ಬರೆಯಲಾರರು. ಅಂಥಲ್ಲಿ ಎಲ್ಲರಿಗೂ ತಲಾ 100 ಅಂಕ ಕೊಟ್ಟು, ತಮಗೆ ಬೇಕಾದ ವಸ್ತುಗಳ ಮೇಲೆ ಹಂಚಲು ಹೇಳುವುದು ಮೇಲು. ಉಯಿಲಿನಲ್ಲಿ ಹೆಸರಿಸಿದ ವಸ್ತುಗಳನ್ನು ಮೊದಲೇ ಬೇರೆಯಾಗಿ ಇಡಬೇಕು. ಪತ್ರ, ಫೋಟೋಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಪ್ರತಿ ಕೊಟ್ಟ ನಂತರವೇ ಮೂಲವನ್ನು ಯಾರಿಟ್ಟುಕೊಳ್ಳಬೇಕೆಂದು ಮಾತನಾಡಬಹುದು.