ಎಂಟು ವರ್ಷ ದುಡಿದಿದ್ದಕ್ಕೆ ನಾನೇ ಸಾಕ್ಷಿ ತರಬೇಕಂತೆ

ಇವತ್ತೂ ಕಲಬುರಗಿಗೆ ಹೋಗಿ ಬರಿಗೈಲಿ ವಾಪಸ್ ಬಂದೆ. ಲೇಬರ್ ಕೋರ್ಟಿನಲ್ಲಿ ನನ್ನ ಕೇಸು ಕರೆದಿದ್ದು, ಮುಂದಕ್ಕೆ ಹಾಕಿದ್ದು ಎರಡೂ ಸೇರಿ ಎರಡು ನಿಮಿಷ. ಕಂಪನಿ ವಕೀಲರು ಟೈಮ್ ಬೇಕು ಅಂದರು, ಮುಗೀತು. ಅದಕ್ಕಾಗಿ ನಾನು ನಸುಕಿನಲ್ಲೇ ಎದ್ದು, ರಾಯಚೂರಿನಲ್ಲಿ ರೈಲು ಹತ್ತಿ, ಯಾದಗಿರಿ, ವಾಡಿ ದಾಟಿ, ಒಂದು ದಿನದ ಕೂಲಿ ಬಿಟ್ಟು ಹೋಗಬೇಕು. ಆ ವಕೀಲರಿಗೆ ವಾದ ಮಾಡಿದರೂ ದುಡ್ಡು, ಟೈಮ್ ಕೇಳಿದರೂ ದುಡ್ಡು.

ಊರ ಹೊರಗಿನ ಒಂದು ದೊಡ್ಡ ಕಾರ್ಖಾನೆಯಲ್ಲಿ 2015ರಿಂದ ಪ್ಯಾಕಿಂಗ್ ಕೆಲಸಕ್ಕಿದ್ದೆ. 2023ರ ಮಾರ್ಚ್‌ನಲ್ಲಿ ಒಂದು ಬೆಳಿಗ್ಗೆ ಗೇಟಿನಲ್ಲಿ ಬೆರಳು ಒತ್ತಿದರೆ ಮಷಿನ್ ತಗೊಳ್ಳಲಿಲ್ಲ. ಬೆವರಿರಬೇಕು ಅಂತ ಪ್ಯಾಂಟಿಗೆ ಒರೆಸಿ ಮತ್ತೆ ಒತ್ತಿದೆ. ಸೆಕ್ಯುರಿಟಿ ಹುಡುಗ ನನ್ನ ಮುಖ ನೋಡದೇ, "ಅಣ್ಣಾ, ನಿನ್ನ ಹೆಸರು ತೆಗದಾರ, ಒಳಗ ಬಿಡಬ್ಯಾಡ ಅಂದಾರ" ಅಂದ. ನೋಟಿಸ್ ಇಲ್ಲ, ಒಂದು ತುಂಡು ಕಾಗದ ಇಲ್ಲ. ಲಾಕರ್‌ನಲ್ಲಿದ್ದ ಚಪ್ಪಲಿಯನ್ನೂ ಕೊಡಲಿಲ್ಲ.

ಆಗ ಜಾರಿಯಲ್ಲಿದ್ದದ್ದು 1947ರ ಕೈಗಾರಿಕಾ ವಿವಾದ ಕಾಯ್ದೆ. ಅದರ 25ಎಫ್ ಕಲಂ ನನಗೀಗ ಬಾಯಿಪಾಠ. ಹಿಂದಿನ 12 ತಿಂಗಳಲ್ಲಿ 240 ದಿನ ದುಡಿದವನನ್ನು ಕೆಲಸದಿಂದ ಕಡಿತ ಮಾಡಬೇಕಾದರೆ ಒಂದು ತಿಂಗಳ ನೋಟಿಸ್ ಇಲ್ಲವೇ ಆ ತಿಂಗಳ ಸಂಬಳ ಕೊಡಬೇಕು. ಅದರ ಮೇಲೆ ವರ್ಷಕ್ಕೆ 15 ದಿನದ ಸಂಬಳದಂತೆ ಪರಿಹಾರ. ನನ್ನ ಸಂಬಳ 13,800. ನೀವೇ ಲೆಕ್ಕ ಹಾಕಿ, ಎಂಟು ವರ್ಷಕ್ಕೆ ಸುಮಾರು 55 ಸಾವಿರ, ನೋಟಿಸ್ ಸಂಬಳ ಬೇರೆ. ಕಾರ್ಮಿಕ ಅಧಿಕಾರಿಯ ಮುಂದೆ ಸಂಧಾನಕ್ಕೆ ಕರೆದಾಗ ಎಚ್‌ಆರ್ ಸಾಹೇಬರು ಬಂದು ಏನಂದರು ಗೊತ್ತಾ? "ಮಾನವೀಯತೆಯಿಂದ 30 ಸಾವಿರ ಕೊಡ್ತೀವಿ, ಇನ್ನೇನೂ ಬಾಕಿ ಇಲ್ಲ ಅಂತ ಸಹಿ ಹಾಕು." ನನಗೆ ಬರಬೇಕಾದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಅವರೇ ಇಟ್ಟುಕೊಂಡು, ಅದಕ್ಕೆ ಮಾನವೀಯತೆ ಅನ್ನೋ ಹೆಸರು! ನಾನು ಸಹಿ ಹಾಕಲಿಲ್ಲ. 45 ದಿನ ಕಾದು ನೇರವಾಗಿ ಲೇಬರ್ ಕೋರ್ಟಿಗೆ ಹೋದೆ.

ಅಲ್ಲಿ ಕಂಪನಿ ಹಾಕಿದ ಉತ್ತರ ಓದಿ ತಲೆ ತಿರುಗಿತು. ನಾನು ಅವರ ನೌಕರನೇ ಅಲ್ಲವಂತೆ! ಗುತ್ತಿಗೆದಾರನ ಕಡೆಯವನಂತೆ. ಪಿಎಫ್ ಪಾಸ್‌ಬುಕ್ ತೆಗೆದು ನೋಡಿದರೆ ಹೌದು, ಎಂಟು ವರ್ಷದಲ್ಲಿ ಮೂರು ಗುತ್ತಿಗೆದಾರರ ಹೆಸರು. ಒಬ್ಬನ ಲೆಕ್ಕದಲ್ಲಿ ಬಿಟ್ಟ ದಿನಾಂಕ, ಎರಡೇ ದಿನ ಬಿಟ್ಟು ಇನ್ನೊಬ್ಬನ ಲೆಕ್ಕದಲ್ಲಿ ಸೇರಿದ ದಿನಾಂಕ. ನಾನು ಮಾತ್ರ ಆ ಎಂಟು ವರ್ಷವೂ ಅದೇ ಗೇಟು, ಅದೇ ಪ್ಯಾಕಿಂಗ್ ಟೇಬಲ್, ಅದೇ ಮ್ಯಾನೇಜರ್‌ನ ಬೈಗುಳ. ಆ ಗುತ್ತಿಗೆದಾರರಲ್ಲಿ ಇಬ್ಬರ ಮುಖವನ್ನೇ ನಾನು ಕಂಡಿಲ್ಲ. ಬೈಯೋಕೆ ಕಂಪನಿ, ಕೇಸಿಗೆ ಗುತ್ತಿಗೆದಾರ, ಹೆಂಗಿದೆ ನೋಡಿ!

ಅದಕ್ಕಿಂತ ಉರಿಯೋದು ಇನ್ನೊಂದು. 240 ದಿನ ದುಡಿದಿದ್ದೇನೆ ಅಂತ ತೋರಿಸೋ ಹೊಣೆ ಕಾರ್ಮಿಕನದೇ, ಬರೀ ಅವನ ಅಫಿಡವಿಟ್ ಸಾಲದು ಅಂತ 2002ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆಯಂತೆ. ಅದೂ ನಮ್ಮ ಕರ್ನಾಟಕದ್ದೇ ಒಂದು ಕೇಸಿನಲ್ಲಿ. ಸರಿ, ತೋರಿಸೋಣ. ಆದರೆ ಹಾಜರಿ ಪುಸ್ತಕ ಯಾರ ಹತ್ತಿರ ಇದೆ? ಬೆರಳು ಒತ್ತಿಸಿಕೊಂಡ ಮಷಿನ್ ಯಾರದು? ಅದನ್ನೆಲ್ಲ ತರಿಸಿ ಅಂತ ನಮ್ಮ ವಕೀಲರು ಅರ್ಜಿ ಹಾಕಿದ್ದಾರೆ. ಆ ಒಂದು ಅರ್ಜಿಗೆ ತಕರಾರು ಬರೆಯೋಕೆ ಕಂಪನಿ ಈಗಾಗಲೇ ಮೂರು ತಾರೀಖು ತಿಂದಿದೆ. ಇವತ್ತಿನದು ನಾಲ್ಕನೇದು.

ನನ್ನ ಹತ್ತಿರ ಇರೋದೆಲ್ಲ ಒಂದು ಬಿಸ್ಕತ್ ಡಬ್ಬಿಯಲ್ಲಿದೆ. ಬ್ಯಾಂಕ್ ಸ್ಟೇಟ್‌ಮೆಂಟ್, ಇಎಸ್‌ಐ ಕಾರ್ಡು, ಕಂಪನಿ ಹೆಸರಿದ್ದ ಎರಡು ಗೇಟ್ ಪಾಸು, 2019ರ ಆಯುಧಪೂಜೆಯಲ್ಲಿ ಮಷಿನ್‌ಗೆ ಕುಂಬಳಕಾಯಿ ಒಡೆದಾಗ ತೆಗೆದ ಫೋಟೋ. ಹೆಂಡತಿ ಕ್ಯಾಂಟೀನ್ ಕೂಪನ್‌ಗಳನ್ನೂ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದಳು, ಪುಣ್ಯಾತ್ಗಿತ್ತಿ. ಮಳೆಗಾಲದಲ್ಲಿ ಅರ್ಧ ಕೂಪನ್‌ಗಳ ಅಕ್ಷರ ಅಳಿಸಿಹೋಗಿದೆ. ಅವನ್ನೂ ತಗೊಂಡು ಹೋಗ್ತೀನಿ.

ರಾತ್ರಿ ಸ್ಟೇಷನ್‌ನಲ್ಲಿ ಇಳಿದವನೇ ಮಂಡಾಳ ವಗ್ಗರಣಿ, ಮಿರ್ಚಿ ತಿನ್ನುತ್ತಾ ಪಕ್ಕದ ಟೇಬಲ್‌ನಲ್ಲಿ ಕೆಲಸ ಮಾಡುತ್ತಿದ್ದ ಗೆಳೆಯನಿಗೆ ಫೋನ್ ಮಾಡಿದೆ. ಸಾಕ್ಷಿ ಹೇಳ್ತೀನಿ ಅಂತ ಅವನೇ ಮಾತು ಕೊಟ್ಟಿದ್ದ. ಎತ್ತಲಿಲ್ಲ. ಆಮೇಲೆ ಅವನ ಹೆಂಡತಿ ಫೋನ್ ಮಾಡಿದರು. "ಅಣ್ಣಾರ, ಅವರಿಗೆ ಇನ್ನೂ ಅಲ್ಲೇ ಕೆಲಸ ಐತಿ. ಬ್ಯಾಸರ ಮಾಡ್ಕೋಬ್ಯಾಡ್ರಿ" ಅಂದರು. ಇಲ್ರೀ ತಂಗಿ, ಬೇಸರ ಏನಿಲ್ಲ ಅಂದೆ. ಮುಂದಿನ ತಾರೀಖು ಬರೋ ತಿಂಗಳು 18ಕ್ಕೆ.