ಇನ್ನೆರಡೂವರೆ ಕಿಲೋಮೀಟರ್

ಸ್ಪೇನ್‌ನ ಕ್ರೈಸ್ತ ಯಾತ್ರೆಯ ಕಾಲುದಾರಿ ಕಮೀನೊ ನಡೆದು ಬಂದ ಮೇಲೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಆ ಮಳೆಯಲ್ಲಿ ಒಬ್ಬಳೇ ಹೋಗಿದ್ದು ತಪ್ಪಲ್ವಾ?"

ತಪ್ಪಲ್ಲ. ಅವಕಾಶ ಸಿಕ್ಕರೆ ಮತ್ತೆ ಒಬ್ಬಳೇ ಹೋಗುತ್ತೇನೆ, ಮಳೆಯಲ್ಲೇ ಹೋಗುತ್ತೇನೆ. ಆದರೆ ಒಬ್ಬರೇ ನಡೆಯುವಾಗ ಲೆಕ್ಕ ಬೇರೆ. ಜೊತೆಯಲ್ಲಿ ಯಾರಾದರೂ ಇದ್ದರೆ ತಡವಾಗಿ ಯೋಚಿಸಿದರೂ ನಡೆಯುತ್ತದೆ. ಒಬ್ಬರೇ ಇದ್ದಾಗ ಎಲ್ಲವನ್ನೂ ಒಂದು ಗಂಟೆ ಮೊದಲೇ ತೀರ್ಮಾನಿಸಬೇಕು. ಮಳೆ ಜೋರಾಗುವ ಮೊದಲೇ ರೇನ್‌ಕೋಟ್, ಹಸಿವಾಗುವ ಮೊದಲೇ ತಿಂಡಿ, ಚಳಿ ಹಿಡಿಯುವ ಮೊದಲೇ ಸೂರು.

ಕಮೀನೊಗೆ ಹಲವು ದಾರಿಗಳಿವೆ, ನಾನು ನಡೆದದ್ದು ಫ್ರೆಂಚ್ ದಾರಿ. ಫ್ರಾನ್ಸ್‌ನ ಸೇಂಟ್ ಜಾನ್ ಪಿಯೆ ದ ಪೋರ್‌ನಿಂದ ಸ್ಪೇನ್‌ನ ಸಾಂತಿಯಾಗೊ ದೆ ಕಾಂಪೋಸ್ತೆಲಾವರೆಗೆ, ಸುಮಾರು 780 ಕಿ.ಮೀ. ಹೊರಟಿದ್ದು ಅಕ್ಟೋಬರ್ ಮೊದಲ ವಾರ. ಮೊದಲ ದಿನವೇ ಪಿರನೀಸ್ ಬೆಟ್ಟ ದಾಟಬೇಕು. ಅದಕ್ಕೆ ಎರಡು ದಾರಿಗಳಿವೆ. ಮೇಲಿನದು ನೆಪೋಲಿಯನ್ ದಾರಿ, ಕಣಿವೆಯದು ವಾಲ್ಕಾರ್ಲೋಸ್ ದಾರಿ. ಮೇಲಿನದನ್ನು ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಮುಚ್ಚುತ್ತಾರೆ. ಅಕ್ಟೋಬರ್‌ನಲ್ಲಿ ಅದು ತೆರೆದೇ ಇರುತ್ತದೆ, ಹೋಗುವುದೋ ಬಿಡುವುದೋ ನಮಗೆ ಬಿಟ್ಟದ್ದು. ಆ ಬೆಳಿಗ್ಗೆ ಗಾಳಿ ಮಳೆ ಎರಡೂ ಇತ್ತು. ನಾನು ಕಣಿವೆ ಹಿಡಿದೆ. ರಾತ್ರಿ ಊಟಕ್ಕೆ ಕೂತಾಗ ಒಬ್ಬರು "ಹಾಗಾದರೆ ನಿಮ್ಮದು ಪೂರ್ತಿ ಕಮೀನೊ ಅಲ್ಲ" ಎಂದರು. ಈ ಮಾತನ್ನು ನಾನು ಒಪ್ಪುವುದಿಲ್ಲ. ಕಣಿವೆಯ ದಾರಿಯಲ್ಲೂ ಶತಮಾನಗಳಿಂದ ಯಾತ್ರಿಕರು ನಡೆದಿದ್ದಾರೆ. ಇಂಥ ಮಾತು ಕೇಳಿಯೇ ಎಷ್ಟೋ ಜನ ಮಂಜಿನಲ್ಲಿ ಬೆಟ್ಟ ಹತ್ತುತ್ತಾರೆ.

ಅಷ್ಟು ತಿಳಿದಿದ್ದ ನಾನೇ ಅಕ್ಟೋಬರ್ ಕೊನೆಯಲ್ಲಿ ತಪ್ಪು ಮಾಡಿದೆ. ಲಾಸ್ ಎರೆರಿಯಾಸ್ ಎಂಬ ಊರಿನಿಂದ ಬೆಟ್ಟದ ಮೇಲಿನ ಓ ಸೆಬ್ರೇರೊ ಹಳ್ಳಿಗೆ 8 ಕಿ.ಮೀ. ದಾರಿ, ಸುಮಾರು 600 ಮೀಟರ್ ಏರು. ಮಧ್ಯದಲ್ಲಿ ಲಾ ಫಾಬಾ ಎಂಬ ಹಳ್ಳಿ ಬಂದಾಗ ಪೂರ್ತಿ ನೆನೆದಿದ್ದೆ. ಹೊರಗಿನಿಂದ ಮಳೆ, ಒಳಗಿನಿಂದ ಬೆವರು. ಅಲ್ಲೇ ನಿಲ್ಲಬಹುದಿತ್ತು. ಇವತ್ತೇ ಓ ಸೆಬ್ರೇರೊ ಇರುವ ಗಲೀಸಿಯಾ ಪ್ರಾಂತ್ಯಕ್ಕೆ ಕಾಲಿಡಬೇಕು ಎಂಬ ಹಟ. ನಡೆದೆ.

ಮೇಲೆ ಮರಗಳು ಮುಗಿದವು, ಗಾಳಿ ನೇರ ಮೈಗೆ ಹೊಡೆಯಿತು. ಚಳಿ ಸೊನ್ನೆ ಡಿಗ್ರಿಗೇನೂ ಇಳಿದಿರಲಿಲ್ಲ. ಆದರೆ ಒದ್ದೆ ಬಟ್ಟೆ ಮತ್ತು ಗಾಳಿ ಸೇರಿದರೆ ಮೈಯ ಬಿಸಿ ಹೋಗಲು ಅಷ್ಟೇ ಸಾಕು. ಲಾ ಲಗೂನಾ ಎಂಬ ಹಳ್ಳಿ ತಲುಪಿ ಚಾಕೊಲೇಟ್ ತೆಗೆಯಲು ಬ್ಯಾಗಿನ ಬಕಲ್ ಒತ್ತಿದೆ. ಬೆರಳು ಕೇಳಲಿಲ್ಲ. ಮತ್ತೆ ಒತ್ತಿದೆ. ಆಗ ಎಲ್ಲೋ ಓದಿದ್ದು ನೆನಪಾಯಿತು. ಹೆಬ್ಬೆರಳಿನಿಂದ ಅದೇ ಕೈಯ ಕಿರುಬೆರಳನ್ನು ಮುಟ್ಟಲು ಆಗದಿದ್ದರೆ ಮೈ ಅಪಾಯದ ಮಟ್ಟಕ್ಕೆ ತಣ್ಣಗಾಗುತ್ತಿದೆ ಎಂದರ್ಥ. ಮುಟ್ಟಲು ನೋಡಿದೆ. ಆಗಲಿಲ್ಲ. ನಿಜವಾಗಿ ಹೆದರಿಸಿದ್ದು ಅದಲ್ಲ. ಅಷ್ಟಾದರೂ ನನ್ನ ಮನಸ್ಸು "ಇನ್ನೆರಡೂವರೆ ಕಿಲೋಮೀಟರ್ ತಾನೇ, ಹೋಗಿಬಿಡೋಣ" ಎನ್ನುತ್ತಿತ್ತು. ಚಳಿ ಬುದ್ಧಿಯನ್ನೂ ಕೆಡಿಸುತ್ತದೆ. ಜೊತೆಗಾರರಿದ್ದರೆ "ನಿನ್ನ ತುಟಿ ನೀಲಿಯಾಗಿದೆ, ನಿಲ್ಲು" ಎನ್ನುತ್ತಿದ್ದರು. ಅಲ್ಲಿ ನನ್ನ ತುಟಿ ನೋಡುವವರು ಯಾರೂ ಇರಲಿಲ್ಲ.

ಯಾತ್ರಿಕರು ತಂಗುವ ಆಲ್ಬೆರ್ಗೆಯ ಬಾಗಿಲು ತಳ್ಳಿದೆ. ಅಲ್ಲಿದ್ದ ಹೆಂಗಸು ಏನೂ ಕೇಳದೆ ಬಕಲ್ ಬಿಚ್ಚಿದರು, ಒದ್ದೆ ಜಾಕೆಟ್ ಎಳೆದರು, ಕಂಬಳಿ ಹೊದಿಸಿ ಕೈಗೆ ಬಿಸಿ ಸೂಪು ಕೊಟ್ಟರು. ಅವರ ಭಾಷೆ ನನಗೆ ಬರುತ್ತಿರಲಿಲ್ಲ. ನಡುಕ ನಿಲ್ಲುವವರೆಗೂ ಪಕ್ಕದಲ್ಲೇ ಕೂತಿದ್ದರು.

ಅದಾದ ಮೇಲೆ ಬೆರಳಿನ ಪರೀಕ್ಷೆ ಪ್ರತಿ ಗಂಟೆಯ ಅಭ್ಯಾಸವಾಯಿತು. ಸಾಮಾನಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬ್ಯಾಗಿನ ಮೇಲಿನ ರೇನ್ ಕವರ್ ನಂಬಬೇಡಿ, ಬೆನ್ನಿನ ಕಡೆಯಿಂದ ನೀರು ಇಳಿಯುತ್ತದೆ. ಒಳಗೇ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಇರಲಿ. ಹತ್ತಿ ಬಟ್ಟೆ ಬೇಡ. ಶೂ ಒಳಗೆ ರಾತ್ರಿ ಹಳೇ ಪೇಪರ್ ತುರುಕಿ, ಮಲಗುವ ಮುನ್ನ ಒಮ್ಮೆ ಬದಲಿಸಿ. ಇನ್ನೊಂದು, ಇದು ಮುಖ್ಯ. ಒಂದು ಜೊತೆ ಒಣ ಬಟ್ಟೆ ಮತ್ತು ಸಾಕ್ಸ್ ಮಲಗುವುದಕ್ಕೆ ಮಾತ್ರ. ಬೆಳಿಗ್ಗೆ ಆ ಒದ್ದೆ ಬಟ್ಟೆಯನ್ನೇ ಮತ್ತೆ ಹಾಕಿಕೊಳ್ಳುವುದು ದಿನದ ಅತಿ ಕಷ್ಟದ ಕ್ಷಣ. ಆದರೂ ಒಣಗಿದ್ದನ್ನು ಮುಟ್ಟಬಾರದು. ತುರ್ತಿಗೆ 112, ಯುರೋಪಿನ ಎಷ್ಟೋ ದೇಶಗಳಲ್ಲಿ ಇದೇ ನಂಬರ್.

ಮಾರನೆಯ ಬೆಳಿಗ್ಗೆ ಆ ಎರಡೂವರೆ ಕಿ.ಮೀ. ಹತ್ತಿದೆ. ಮಂಜಿನಲ್ಲಿ ಹತ್ತು ಹೆಜ್ಜೆ ಮುಂದಿನದೂ ಕಾಣುತ್ತಿರಲಿಲ್ಲ. ಆಮೇಲೆ ಒಂದು ಕಲ್ಲಿನ ಮೇಲೆ ಕಮೀನೊ ದಾರಿ ತೋರಿಸುವ ಹಳದಿ ಬಾಣ ಕಂಡಿತು. ಈ ಬಾಣಗಳ ಹಿಂದೆ ಇರುವವರು ಓ ಸೆಬ್ರೇರೊ ಚರ್ಚಿನ ಪಾದ್ರಿ ಎಲಿಯಾಸ್ ವಾಲಿನ್ಯಾ. 1980ರ ದಶಕದಲ್ಲಿ, ಈ ದಾರಿಯನ್ನು ಜನ ಬಹುಪಾಲು ಮರೆತಿದ್ದಾಗ, ಹಳದಿ ಬಣ್ಣ ಹಿಡಿದು ಉದ್ದಕ್ಕೂ ಗುರುತು ಹಾಕುತ್ತಾ ಹೋದರು. ಚರ್ಚಿನ ಹತ್ತಿರ ಅವರ ಪ್ರತಿಮೆ ಇದೆ. ತುಂಬಾ ಹೊತ್ತು ಅದರ ಮುಂದೆ ನಿಂತಿದ್ದೆ. ತಾನು ಎಂದೂ ನೋಡದ ಯಾರೋ ಮಂಜಿನಲ್ಲಿ ಒಬ್ಬರೇ ಬರುತ್ತಾರೆ ಎಂದು ಯೋಚಿಸಿದವರು ಅಲ್ವಾ ಅವರು?

ಗಲೀಸಿಯಾದಲ್ಲಿ ಮಳೆ ಬಿಡಲೇ ಇಲ್ಲ. ಓಕ್ ಮರಗಳ ನಡುವಿನ ತಗ್ಗು ದಾರಿಗಳಲ್ಲಿ ನೀರು ತೊರೆಯ ಹಾಗೆ ಹರಿಯುತ್ತಿತ್ತು. ಆದರೂ ನನಗೆ ಅತಿ ಪ್ರಿಯವಾದ ದಿನಗಳು ಅವೇ. ಟೋಪಿಯ ಮೇಲೆ ಬೀಳುವ ಹನಿಯ ಸದ್ದು, ನನ್ನ ಉಸಿರು, ಕೋಲಿನ ಟಕ್ ಟಕ್. ವರ್ಷಗಳಿಂದ ಅಳದೆ ಇಟ್ಟುಕೊಂಡಿದ್ದ ಒಂದು ದುಃಖ ಆ ದಾರಿಯಲ್ಲಿ ಹೊರಬಂತು. ಮಳೆಯಲ್ಲಿ ಅಳುವಾಗ ಮುಖ ಒರೆಸಿಕೊಳ್ಳುವ ಕೆಲಸವೂ ಇಲ್ಲ. ಜೊತೆ ಇದ್ದಿದ್ದರೆ ಇದು ಆಗುತ್ತಿರಲಿಲ್ಲ.

ಸಾಂತಿಯಾಗೊ ತಲುಪಿದ ದಿನವೂ ಜೋರು ಮಳೆ. ಕೆಥೆಡ್ರಲ್ ಎದುರಿನ ರಾಶೋಯ್ ಅರಮನೆಯ ಕಮಾನುಗಳ ಕೆಳಗೆ ಯಾತ್ರಿಕರೆಲ್ಲ ಸಾಲಾಗಿ ಕೂತಿದ್ದರು. ನಾನೂ ಗೋಡೆಗೆ ಒರಗಿ ಕೂತು ಶೂ ಬಿಚ್ಚಿದೆ. ಬ್ಯಾಗಿನ ತಳಕ್ಕೆ ಕೈ ಹಾಕಿ, ಮೊದಲ ಸಲ ಹಗಲಿನಲ್ಲಿ, ಒಣ ಸಾಕ್ಸ್ ತೆಗೆದು ಹಾಕಿಕೊಂಡೆ.