2520 ಒಂದೇ ಅಲ್ಲ

1ರಿಂದ 10ರವರೆಗಿನ ಎಲ್ಲ ಸಂಖ್ಯೆಗಳಿಂದಲೂ ಶೇಷವಿಲ್ಲದೆ ಭಾಗವಾಗುವ ಏಕೈಕ ಸಂಖ್ಯೆ 2520, ಅದನ್ನು ಕಂಡುಹಿಡಿದವರು ಶ್ರೀನಿವಾಸ ರಾಮಾನುಜನ್ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಲೇ ಇದೆ. ಭಾಗವಾಗುವುದು ನಿಜ. 'ಏಕೈಕ' ಎಂಬುದು ತಪ್ಪು. 5040, 7560, 10080, ಹೀಗೆ 2520ರ ಮಗ್ಗಿ ಹೇಳುತ್ತಾ ಹೋದರೆ ಪ್ರತಿಯೊಂದೂ ಹಾಗೆಯೇ ಭಾಗವಾಗುತ್ತದೆ. 2520 ಅವುಗಳಲ್ಲಿ ಅತಿ ಚಿಕ್ಕದು, ಅಷ್ಟೇ.

ಇದು ನಾವೆಲ್ಲ ಶಾಲೆಯಲ್ಲಿ ಮಾಡಿದ ಲ.ಸಾ.ಅ. (ಕೊಟ್ಟ ಸಂಖ್ಯೆಗಳೆಲ್ಲದರಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ಲೆಕ್ಕ. 8ರೊಳಗೆ 2, 4 ಇವೆ, 9ರೊಳಗೆ 3 ಇದೆ. 8 × 9 = 72; ಅದನ್ನು 5ರಿಂದ ಗುಣಿಸಿದರೆ 360, ಮತ್ತೆ 7ರಿಂದ ಗುಣಿಸಿದರೆ 2520. 6 ಮತ್ತು 10 ತಾವಾಗಿಯೇ ಸೇರಿಕೊಂಡಿವೆ. ಸಂದೇಶ ಹೇಳುವ 'ವಾರದ 7 ದಿನ × ತಿಂಗಳ 30 ದಿನ × 12 ತಿಂಗಳು = 2520' ಎಂಬ 'ರಹಸ್ಯ' ಕೇವಲ ಕಾಕತಾಳೀಯ.

ಲ.ಸಾ.ಅ. ರಾಮಾನುಜನ್ ಅವರಿಗಿಂತ ಬಹಳ ಹಳೆಯದು. ನಮ್ಮ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಗಣಿತಜ್ಞ ಮಹಾವೀರಾಚಾರ್ಯ 9ನೇ ಶತಮಾನದಲ್ಲೇ 'ಗಣಿತಸಾರಸಂಗ್ರಹ'ದಲ್ಲಿ ಇದನ್ನು 'ನಿರುದ್ಧ' ಎಂದು ಕರೆದು, ಭಿನ್ನರಾಶಿ ಕೂಡಲು ಬಳಸಿದ್ದಾನೆ. ಮಹಾವೀರಾಚಾರ್ಯನ ಹೆಸರು ಸಂದೇಶದಲ್ಲಿ ಎಲ್ಲೂ ಇಲ್ಲದಿರುವುದು ಬೇಸರದ ಸಂಗತಿ.

ರಾಮಾನುಜನ್ ನಂಟು ಬೇರೆಯದು. ತನಗಿಂತ ಚಿಕ್ಕ ಎಲ್ಲ ಸಂಖ್ಯೆಗಳಿಗಿಂತ ಹೆಚ್ಚು ಭಾಜಕಗಳಿರುವ ಸಂಖ್ಯೆಗಳ ಬಗ್ಗೆ ಅವರು 1915ರಲ್ಲಿ ದೀರ್ಘ ಪ್ರಬಂಧ ಪ್ರಕಟಿಸಿದರು. 48 ಭಾಜಕಗಳಿರುವ 2520 ಅಂಥದ್ದೊಂದು ಸಂಖ್ಯೆ. 60 ಭಾಜಕಗಳ 5040 ಅದರ ಮುಂದಿನದು.